ಬಾಡಿಗೆಯಿಂದಲೇ ಸಾಲ ತೀರೀತೇ?

ಪ್ರಶ್ನೆ: ನನಗೆ ಸಾಲ ತೀರಿದ ಸ್ವಂತ ಮನೆಯೊಂದಿದೆ. ಬಾಡಿಗೆಗೆ ಕೊಡುವ ಉದ್ದೇಶದಿಂದ ಈಗ ಒಂದು ಫ್ಲ್ಯಾಟ್ ನೋಡಿದ್ದೇನೆ. ಬೆಲೆಯ ಶೇ. 75 ಭಾಗವನ್ನು ಬ್ಯಾಂಕು 20 ವರ್ಷಗಳ ಅವಧಿಗೆ, ಬದಲಾಗುವ ಬಡ್ಡಿದರದಲ್ಲಿ ಕೊಡುತ್ತದೆ. ಈಗಿನ ದರ ಶೇ. 9. ಉಳಿದ ಹಣಕ್ಕೆ ನನ್ನ ಮನೆಯನ್ನು ಅಡವಿಡಬೇಕೆಂದಿದ್ದೇನೆ. ವರ್ಷದ ಬಾಡಿಗೆ ಬೆಲೆಯ ಶೇ. 8ರಷ್ಟು ಬರುವುದರಿಂದ ಕಂತು ತಾನಾಗಿಯೇ ತೀರುತ್ತದೆ ಎಂದು ಮಧ್ಯವರ್ತಿ ಹೇಳುತ್ತಾರೆ. ಮಾರುವವರು ಈ ವಾರವೇ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಈ ವಾರ ಕೊಡಬೇಡಿ. ಮಧ್ಯವರ್ತಿಯ ಲೆಕ್ಕದಲ್ಲಿ ನಿಮ್ಮ ಎರಡನೆಯ ಸಾಲ ಸೇರಿಲ್ಲ. ಫ್ಲ್ಯಾಟಿನ ಬೆಲೆಯನ್ನು 100 ಎಂದು ಇಟ್ಟುಕೊಂಡರೆ, 75ರ ಸಾಲಕ್ಕೆ ವರ್ಷದ ಕಂತು ಸುಮಾರು 8.1 ಆಗುತ್ತದೆ. ಅಡವಿಟ್ಟು ತರುವ 25ಕ್ಕೂ ಇದೇ ದರ, ಇದೇ ಅವಧಿ ಎಂದುಕೊಂಡರೆ ಇನ್ನೂ 2.7 ಸೇರಿ ಒಟ್ಟು 10.8 ಕಟ್ಟಬೇಕಾಗುತ್ತದೆ. ಬರುವ ಬಾಡಿಗೆ 8. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಅದು 7.3ಕ್ಕೆ ಇಳಿಯುತ್ತದೆ, ತೆರಿಗೆ, ದುರಸ್ತಿ, ವಿಮೆಗಳನ್ನು ಅದರಿಂದಲೇ ತೆಗೆಯಬೇಕು. ಬಾಡಿಗೆಗೆ ಕೊಡುವ ಕಟ್ಟಡಗಳಿಗೆ ಸಾಲ ಮಂಜೂರು ಮಾಡುವಾಗ, ಖರ್ಚು ಕಳೆದ ಬಾಡಿಗೆ ವರ್ಷದ ಕಂತಿನ 1.2 ಅಥವಾ 1.25 ಪಟ್ಟು ಇರಬೇಕೆಂದು ಅನೇಕ ಬ್ಯಾಂಕುಗಳು ಕೇಳುವುದು ಈ ಕಾರಣಕ್ಕೇ.

ಬಡ್ಡಿದರದ ವಿಷಯವನ್ನು ನಾನು ಇದಕ್ಕಿಂತಲೂ ಗಂಭೀರವಾಗಿ ಕಾಣುತ್ತೇನೆ. ಶೇ. 9ಕ್ಕೆ ಗೊತ್ತುಮಾಡಿದ ಕಂತನ್ನು ಬದಲಿಸದೆ, ಆರಂಭದಲ್ಲಿಯೇ ದರ ಶೇ. 10ಕ್ಕೆ ಏರಿತೆನ್ನಿ: 240 ತಿಂಗಳಲ್ಲಿ ತೀರಬೇಕಾಗಿದ್ದ ಸಾಲ ಸುಮಾರು 314 ತಿಂಗಳಿಗೆ ಹೋಗುತ್ತದೆ. ಶೇ. 11 ಆದರೆ ಆ ಕಂತು ತಿಂಗಳ ಬಡ್ಡಿಗೂ ಸಾಲದೆ ಅಸಲು ಬೆಳೆಯತೊಡಗುತ್ತದೆ. ದರ ಏರದೇ ಇದ್ದರೂ, 5 ವರ್ಷ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಮೇಲೆ ಅಸಲಿನ ಶೇ. 88ಕ್ಕಿಂತ ಹೆಚ್ಚು ಭಾಗ ಬಾಕಿ ಉಳಿದಿರುತ್ತದೆ. ಅಷ್ಟರಲ್ಲಿ ಬೆಲೆ ಕುಸಿದು, ಕಂತು ನಿಂತರೆ, ಅಡವಿಟ್ಟ ತಪ್ಪಿಗೆ ಬಾಡಿಗೆಯ ಫ್ಲ್ಯಾಟಿನ ಜೊತೆಗೆ ನೀವು ವಾಸಿಸುವ ಮನೆಯೂ ಕೈಬಿಡಬಹುದು. ಇದನ್ನು ಮನೆಯವರೊಂದಿಗೆ ಕೂತು ಮಾತನಾಡದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನಿಮ್ಮದೇ ಉಳಿತಾಯದಿಂದ ಬೆಲೆಯ ಅರ್ಧವನ್ನು ಹಾಕುವ ಸ್ಥಿತಿ ಬಂದಾಗ ವರ್ಷದ ಕಂತು 5.4ಕ್ಕೆ ಇಳಿಯುತ್ತದೆ, ಒಂದು ತಿಂಗಳು ಮನೆ ಖಾಲಿಯಿದ್ದರೂ ಖರ್ಚಿಗೆಂದು ಸುಮಾರು 1.9 ಉಳಿಯುತ್ತದೆ. ಆರು ತಿಂಗಳ ಕಂತಿನಷ್ಟು ಹಣವನ್ನು ಬೇರೆಯಾಗಿ ಇಟ್ಟುಕೊಂಡು ಆಗ ಮುಂದುವರಿಯಬಹುದು.

ಮುಂಗಡ ಕೊಡುವ ದಿನ ಬಂದಾಗಲೂ ಕರಾರಿನಲ್ಲಿ ಎರಡು ಷರತ್ತುಗಳು ಸ್ಪಷ್ಟವಾಗಿ ಇರಲಿ: ನಿಗದಿತ ದಿನದೊಳಗೆ ಸಾಲ ಮಂಜೂರಾಗದಿದ್ದರೆ ಮುಂಗಡ ಪೂರ್ತಿ ವಾಪಸಾಗಬೇಕು, ಹಕ್ಕುಪತ್ರಗಳಲ್ಲಿ ದೋಷವೋ ಹಳೆಯ ಅಡಮಾನವೋ ಕಂಡುಬಂದರೂ ಹಾಗೆಯೇ ಆಗಬೇಕು. ಪತ್ರಗಳನ್ನು ಪರಿಶೀಲಿಸುವ ವಕೀಲರನ್ನು ನೀವೇ ನೇಮಿಸಿಕೊಳ್ಳಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಿತವನ್ನು, ಮಧ್ಯವರ್ತಿ ಸೂಚಿಸುವವರಿಗೆ ವ್ಯವಹಾರ ಕುದುರುವುದೇ ಮುಖ್ಯವಾಗಬಹುದು. ಈ ಷರತ್ತುಗಳನ್ನು ಬರೆದುಕೊಡಲು ಮಾರುವವರು ಒಪ್ಪದಿದ್ದರೆ ಬೇರೆ ಫ್ಲ್ಯಾಟ್ ನೋಡಿ.