ಕಾರಿನ ಸೈಲೆನ್ಸರ್ ಸ್ಟೇನ್‌ಲೆಸ್ ಸ್ಟೀಲ್ ಅಂತಾರೆ, ಮತ್ತೆ ತುಕ್ಕು ಯಾಕೆ ಹಿಡಿಯುತ್ತೆ?

ಸ್ಟೇನ್‌ಲೆಸ್‌ನಲ್ಲೂ ಹಲವು ಜಾತಿ ಇವೆ. ಕಂಪನಿಯಿಂದ ಬರುವ ಎಕ್ಸಾಸ್ಟ್‌ಗಳಲ್ಲಿ ತುಂಬಾ ಬಳಕೆಯಲ್ಲಿರುವುದು 409 ಗ್ರೇಡ್. ಅದರಲ್ಲಿ ಕ್ರೋಮಿಯಂ ಸುಮಾರು 11% ಮಾತ್ರ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು 10.5% ಬೇಕು, ಅಂದರೆ ಅಂಚಿನಲ್ಲಿ ಪಾಸಾದ ಹಾಗೆ! ಪಾತ್ರೆಗಳಿಗೂ ಬಳಸುವ 304ರಲ್ಲಿ 18% ಕ್ರೋಮಿಯಂ, ಜೊತೆಗೆ 8% ನಿಕ್ಕಲ್ ಇರುತ್ತದೆ.

ಕ್ರೋಮಿಯಂ ಆಮ್ಲಜನಕದ ಜೊತೆ ಸೇರಿ ಲೋಹದ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. 409ರಲ್ಲಿ ಈ ಪೊರೆ ದುರ್ಬಲ, ಅದಕ್ಕೇ ಹೊರಗೆ ಕಂದು ಬಣ್ಣ. ನೋಡೋಕೆ ಚೆನ್ನಾಗಿರಲ್ಲ ಅಷ್ಟೇ, ಸುಮ್ನೆ ಗಾಬರಿಯಾಗಬೇಡಿ.

ನಿಜವಾದ ಕಾಟ ಒಳಗಡೆಯದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಬರುತ್ತದೆ. ಪೈಪ್ ಇನ್ನೂ ತಣ್ಣಗಿದ್ದರೆ ಅದು ಹನಿಗಟ್ಟಿ ಹಿಂದಿನ ಮಫ್ಲರ್‌ನಲ್ಲಿ (ಸದ್ದು ತಗ್ಗಿಸುವ ಡಬ್ಬಿ) ನಿಲ್ಲುತ್ತದೆ, ಹೊಗೆಯಲ್ಲಿರುವ ಗಂಧಕದಿಂದ ಹುಳಿಯಾಗುತ್ತದೆ. ಹಾಲು ತರೋಕೆ ಒಂದು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನ ಮಫ್ಲರ್ ಒಳಗಿನಿಂದಲೇ ತೂತಾಗುವುದು ಹೀಗೆ. ಹೈವೇಯಲ್ಲಿ ಓಡುವ ಕಾರಲ್ಲಿ ಆ ನೀರು ಒಣಗಿಹೋಗುತ್ತದೆ. ಮಂಗಳೂರು, ಕಾರವಾರದಂಥ ಕಡಲ ಊರಲ್ಲಿ ಉಪ್ಪು ಬೇರೆ. ಅದು 304ರ ಪೊರೆಯನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಯಬಲ್ಲದು.

ಹಾಗಾದರೆ ಎಲ್ಲದಕ್ಕೂ 304 ಯಾಕೆ ಹಾಕಲ್ಲ? ನಿಕ್ಕಲ್ ದುಬಾರಿ. ಅಲ್ಲದೆ ಬಿಸಿಯಾದಾಗ 304 ಜಾಸ್ತಿ ಹಿಗ್ಗುತ್ತದೆ. ದಿನವೂ ಕಾದು ತಣಿಯುವ ಜಾಗಕ್ಕೆ 409 ಒಗ್ಗುತ್ತದೆ.

ಹೊಸ ಸೈಲೆನ್ಸರ್‌ ಕೊಳ್ಳುವಾಗ ಅಯಸ್ಕಾಂತ ಹಿಡಿದು ನೋಡಿ. 409ಕ್ಕೆ ಗಟ್ಟಿಯಾಗಿ ಅಂಟುತ್ತದೆ. 304ಕ್ಕೆ ಅಂಟಲ್ಲ, ಬಾಗಿಸಿದ ಕಡೆ ಮಾತ್ರ ಸ್ವಲ್ಪ ಎಳೆಯಬಹುದು.