ವಿಎಸ್‌ಎನ್‌ಎಲ್ ಮಾರಿದ್ದು ಸರಿಯೇ? ಓದುಗರ ಪ್ರಶ್ನೆ, ನಮ್ಮ ಉತ್ತರ

ಸರ್ಕಾರಿ ಕಂಪನಿಗಳ ಖಾಸಗೀಕರಣದ ಬಗ್ಗೆ ಬಂದ ಪತ್ರಗಳಲ್ಲಿ ಬಹಳಷ್ಟು, ವಿದೇಶಿ ಫೋನ್ ಕರೆಗಳನ್ನು ನೋಡಿಕೊಳ್ಳುತ್ತಿದ್ದ ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್ ಸುತ್ತಲೇ ಇವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

2002ರಲ್ಲಿ ಕೇಂದ್ರ ಸರ್ಕಾರ ವಿಎಸ್‌ಎನ್‌ಎಲ್ ಅನ್ನು ಬರೀ 1,439 ಕೋಟಿಗೆ ಟಾಟಾದವರಿಗೆ ಕೊಟ್ಟಿತು, ಕವಡೆ ಕಾಸಿಗೆ ಮಾರಿದರು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜಾನಾ?
– ಓದುಗರು, ಹಾಸನ

ಈ ಮಾತು ಇಪ್ಪತ್ತು ವರ್ಷದಿಂದ ಕೇಳಿಬರುತ್ತಿದೆ. ಆದರೆ 1,439 ಕೋಟಿ ಇಡೀ ಕಂಪನಿಯ ಬೆಲೆ ಅಲ್ಲ. ಸರ್ಕಾರದ ಕೈಯಲ್ಲಿದ್ದ ಪಾಲು ಶೇ 52.97. ಅದರಲ್ಲಿ ಶೇ 25ನ್ನು ಮಾತ್ರ, ಷೇರಿಗೆ 202 ರೂಪಾಯಿಯಂತೆ, ಟಾಟಾ ಗುಂಪಿನ ಪ್ಯಾನಾಟೋನ್ ಫಿನ್‌ವೆಸ್ಟ್ ಕಂಪನಿಗೆ ಮಾರಿತು. 2002ರ ಫೆಬ್ರುವರಿ 13ರಂದು ಆಡಳಿತ ಕೈಬದಲಾಯಿತು. ಶೇ 1.85 ನೌಕರರಿಗೆ ಹೋಯಿತು. ಉಳಿದ ಶೇ 26.12 ಸರ್ಕಾರದ ಬಳಿಯೇ ಇತ್ತು. ಟಾಟಾದವರು ಆಮೇಲೆ ನಿಯಮದಂತೆ ಅದೇ 202 ರೂಪಾಯಿಗೆ ಸಾರ್ವಜನಿಕ ಷೇರುದಾರರಿಂದ ಇನ್ನೂ ಶೇ 20 ಕೊಂಡರು.

ಮಾರುವ ಮುಂಚೆ ಸರ್ಕಾರ ಇನ್ನೊಂದು ಕೆಲಸ ಮಾಡಿತ್ತು. ಕಂಪನಿಯ ಬಳಿ ರಾಶಿ ನಗದು ಇತ್ತಲ್ವಾ, ಅದನ್ನು ಖಜಾನೆ ಸಮೇತ ಬೇರೆಯವರಿಗೆ ಕೊಡುವುದು ಬೇಡ ಅಂತ ಮೊದಲು ಷೇರಿಗೆ 50 ರೂಪಾಯಿ, ಆಮೇಲೆ 75 ರೂಪಾಯಿ ಡಿವಿಡೆಂಡ್, ಅಂದರೆ ಷೇರುದಾರರಿಗೆ ಕೊಡುವ ಲಾಭಾಂಶ, ಹಂಚಿಸಿತು. ಡಿವಿಡೆಂಡ್, ಅದರ ಮೇಲಿನ ತೆರಿಗೆ, ಷೇರು ಮಾರಿದ ಹಣ ಎಲ್ಲ ಸೇರಿ ಸರ್ಕಾರಕ್ಕೆ ಬಂದದ್ದು 3,689 ಕೋಟಿ.

ಇಷ್ಟೊಂದು ನಗದು ಎಲ್ಲಿಂದ ಬಂತು ಅಂತ ನೋಡಿದರೆ ಬೆಲೆಯ ಗುಟ್ಟು ಸಿಗುತ್ತದೆ. ಆಗ ಅಮೆರಿಕದಿಂದಲೋ ದುಬೈಯಿಂದಲೋ ಯಾರಾದರೂ ಇಲ್ಲಿಗೆ ಫೋನ್ ಮಾಡಿದರೆ, ಆ ಕರೆಯನ್ನು ಭಾರತದೊಳಗೆ ತಲುಪಿಸಿದ್ದಕ್ಕೆ ಅಲ್ಲಿನ ಕಂಪನಿ ನಿಮಿಷಕ್ಕೆ ಇಷ್ಟು ಅಂತ ಡಾಲರ್‌ನಲ್ಲಿ ಹಣ ಕೊಡಬೇಕಿತ್ತು. ನಾವು ಹೊರಗೆ ಮಾಡುತ್ತಿದ್ದ ಕರೆ ಕಡಿಮೆ, ಒಳಗೆ ಬರುತ್ತಿದ್ದದ್ದು ಜಾಸ್ತಿ. ಹೀಗಾಗಿ ಡಾಲರ್ ಬರುತ್ತಲೇ ಇತ್ತು, ಬಾಗಿಲಲ್ಲಿ ನಿಂತಿದ್ದವರು ವಿಎಸ್‌ಎನ್‌ಎಲ್ ಒಬ್ಬರೇ. ಆ ಏಕಸ್ವಾಮ್ಯ 2004ರವರೆಗೆ ಇರಬೇಕಿತ್ತು. ಸರ್ಕಾರ ಅದನ್ನು ಎರಡು ವರ್ಷ ಹಿಂದಕ್ಕೆ ತಂದು 2002ರ ಏಪ್ರಿಲ್ 1ಕ್ಕೆ ಮುಗಿಸುವುದಾಗಿ ಮೊದಲೇ ಘೋಷಿಸಿತ್ತು. ಅಂದರೆ ಕೊಂಡವರಿಗೆ ಏಕಸ್ವಾಮ್ಯ ಸಿಕ್ಕಿದ್ದು ಏಳೇ ವಾರ. ಹಿಂದಿನ ವರ್ಷದ ಲಾಭ ನೋಡಿ ಈ ಕಂಪನಿಗೆ ಬೆಲೆ ಕಟ್ಟುವುದು ತಪ್ಪು, ಯಾಕೆಂದರೆ ಆ ಲಾಭ ತಂದ ದಂಧೆಯೇ ಮುಗಿಯುತ್ತಾ ಬಂದಿತ್ತು. ಕೊನೆಯ ಹಂತದಲ್ಲಿ ಬಿಡ್ ಹಾಕಿದವರೂ ಇಬ್ಬರೇ, ಟಾಟಾ ಮತ್ತು ರಿಲಯನ್ಸ್.

ಈಗ ನಾನು ಹಾಕಿದ ಒಂದು ಲೆಕ್ಕ. ಉಳಿಸಿಕೊಂಡಿದ್ದ ಶೇ 26.12ನ್ನು ಸರ್ಕಾರ 2021ರ ಮಾರ್ಚ್‌ನಲ್ಲಿ ಮಾರಿತು. ಶೇ 16.12 ಷೇರುಪೇಟೆಯಲ್ಲಿ, ಶೇ 10 ಪ್ಯಾನಾಟೋನ್‌ಗೆ. ಕನಿಷ್ಠ ಬೆಲೆ ಷೇರಿಗೆ 1,161 ರೂಪಾಯಿ, ಸಿಕ್ಕಿದ್ದು ಸುಮಾರು 8,800 ಕೋಟಿ. ಹೆಚ್ಚೂಕಡಿಮೆ ಅಷ್ಟೇ ಪಾಲಿಗೆ ಆರು ಪಟ್ಟು ದುಡ್ಡು! ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ 2002ರ 1,439 ಕೋಟಿಯನ್ನು ಶೇ 10ರ ಚಕ್ರಬಡ್ಡಿಗೆ ಹತ್ತೊಂಬತ್ತು ವರ್ಷ ಇಟ್ಟಿದ್ದರೂ 8,800 ಕೋಟಿಯೇ ಆಗುತ್ತಿತ್ತು. ನಡುವೆ ಬಂದ ಡಿವಿಡೆಂಡ್ ಬಿಟ್ಟು ನೋಡಿದರೆ, 202 ರೂಪಾಯಿ ಅಂಥ ಮೋಸದ ಬೆಲೆ ಆಗಿರಲಿಲ್ಲ. ಕವಡೆ ಕಾಸು ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ನನಗೆ ಬೇಸರ ಇರುವುದು ಆಮೇಲೆ ನಡೆದದ್ದರ ಬಗ್ಗೆ. ಕೈಬದಲಾಗಿ ನಾಲ್ಕು ತಿಂಗಳು ತುಂಬುವ ಮೊದಲೇ ವಿಎಸ್‌ಎನ್‌ಎಲ್‌ನ 1,200 ಕೋಟಿಯನ್ನು ಟಾಟಾ ಟೆಲಿಸರ್ವಿಸಸ್‌ನಲ್ಲಿ ಹೂಡುವ ತೀರ್ಮಾನ ಆಯಿತು. ಸಂಪರ್ಕ ಖಾತೆಯ ಸಚಿವರಾಗಿದ್ದ ಪ್ರಮೋದ್ ಮಹಾಜನ್ ಬಹಿರಂಗವಾಗಿಯೇ ಸಿಟ್ಟಾದರು. ಷೇರು ವಿಕ್ರಯ ಖಾತೆಯ ಅರುಣ್ ಶೌರಿ ಅವರ ನಿಲುವು ಬೇರೆ ಇತ್ತು. ಒಂದೇ ಸರ್ಕಾರದ ಇಬ್ಬರು ಮಂತ್ರಿಗಳು! ನನ್ನ ಅಭಿಪ್ರಾಯದಲ್ಲಿ ಮಹಾಜನ್ ಕೇಳಿದ ಪ್ರಶ್ನೆ ನ್ಯಾಯವಾದದ್ದು. ಶೇ 25ಕ್ಕೆ ದುಡ್ಡು ಕೊಟ್ಟವರು ಎಲ್ಲ ಷೇರುದಾರರಿಗೆ ಸೇರಿದ ಹಣವನ್ನು ತಮ್ಮದೇ ಗುಂಪಿನ ಇನ್ನೊಂದು ಕಂಪನಿಗೆ ಹಾಕುವಾಗ ಉಳಿದವರನ್ನು ಮೊದಲು ಒಪ್ಪಿಸಬೇಕಿತ್ತು.

ಮಾರಿದ ಮೇಲೂ ಶೇ 26 ಯಾಕೆ ಇಟ್ಟುಕೊಂಡರು? ಸುಮ್ನೆ ಎಲ್ಲ ಮಾರಬಹುದಿತ್ತಲ್ಲ?
– ಬಿ.ಕಾಂ. ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಕಂಪನಿ ಕಾಯ್ದೆ ಪುಸ್ತಕದಲ್ಲೇ ಉತ್ತರ ಇದೆ. ವಿಶೇಷ ನಿರ್ಣಯಕ್ಕೆ ಮುಕ್ಕಾಲು ಪಾಲು ಮತ ಬೇಕು. ಕಾಲು ಪಾಲಿಗಿಂತ ಚೂರು ಜಾಸ್ತಿ ಇಟ್ಟುಕೊಂಡವರು ಒಪ್ಪದಿದ್ದರೆ ದೊಡ್ಡ ಬದಲಾವಣೆ ಯಾವುದೂ ನಡೆಯುವುದಿಲ್ಲ. ಸರ್ಕಾರ ಆಡಳಿತ ಬಿಟ್ಟುಕೊಟ್ಟಿತು, ತಡೆಯುವ ಹಕ್ಕನ್ನು ಇಟ್ಟುಕೊಂಡಿತು. ಹೆಚ್ಚುವರಿ ಜಮೀನಿನ ವಿಷಯದಲ್ಲಿ ಇದು ತುಂಬಾ ಕೆಲಸಕ್ಕೆ ಬಂತು.

ಯಾವ ಜಮೀನು? ಫೋನ್ ಕಂಪನಿಗೆ ನೂರಾರು ಎಕರೆ ಯಾಕೆ ಬೇಕಿತ್ತು?
– ಓದುಗರು, ಚಿತ್ರದುರ್ಗ

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ವಿಎಸ್‌ಎನ್‌ಎಲ್ ಹುಟ್ಟಿದ್ದು 1986ರ ಏಪ್ರಿಲ್ 1ರಂದು. ಆದರೆ ಅದರ ಬೇರು ಬಹಳ ಹಿಂದಿನದು. ಬ್ರಿಟಿಷರ ಕಾಲದಲ್ಲಿ ಸಮುದ್ರದಾಚೆಯ ಟೆಲಿಗ್ರಾಫ್ ಮತ್ತು ರೇಡಿಯೋ ಸಂಪರ್ಕ ಖಾಸಗಿ ಕಂಪನಿಯ ಕೈಯಲ್ಲಿತ್ತು. 1947ರಲ್ಲಿ ಅದನ್ನು ರಾಷ್ಟ್ರೀಕರಣ ಮಾಡಿ ಓವರ್‌ಸೀಸ್ ಕಮ್ಯುನಿಕೇಷನ್ಸ್ ಸರ್ವಿಸ್ ಅಂತ ಮಾಡಿದರು. ವಿಎಸ್‌ಎನ್‌ಎಲ್ ಅದರ ವಾರಸುದಾರ. ಖಾಸಗಿಯಾಗಿ ಹುಟ್ಟಿ, ಸರ್ಕಾರಿ ಆಗಿ, ಮತ್ತೆ ಖಾಸಗಿಯಾದ ಸಂಸ್ಥೆ ಇದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಉಪಗ್ರಹ ಬರುವ ಮೊದಲು ವಿದೇಶಕ್ಕೆ ಮಾತಾಡಬೇಕಾದರೆ ಶಾರ್ಟ್‌ವೇವ್ ರೇಡಿಯೋ ಬೇಕಿತ್ತು. ಎತ್ತರದ ಕಂಬಗಳು, ಅವುಗಳ ನಡುವೆ ಎಳೆದು ಕಟ್ಟಿದ ತಂತಿ ಸಾಲುಗಳು. ಒಂದೊಂದು ದೇಶದ ದಿಕ್ಕಿಗೆ ಒಂದೊಂದು ಸಾಲು, ಅಕ್ಕಪಕ್ಕದಲ್ಲಿ ಅಡ್ಡಿ ಇರಬಾರದು. ಅದಕ್ಕೆ ಊರಾಚೆ ದೊಡ್ಡ ದೊಡ್ಡ ಬಯಲು ಬೇಕಾಗಿತ್ತು. 1971ರಲ್ಲಿ ಪುಣೆ ಜಿಲ್ಲೆಯ ಆರ್ವಿಯಲ್ಲಿ ಉಪಗ್ರಹ ಭೂಕೇಂದ್ರ ಶುರುವಾಯಿತು, ಆಮೇಲೆ ಸಮುದ್ರದಡಿಯ ಕೇಬಲ್‌ಗಳು ಬಂದವು, ಬಯಲುಗಳ ಕೆಲಸ ಮುಗಿಯಿತು. ಅಷ್ಟರಲ್ಲಿ ಊರುಗಳು ಬೆಳೆದು ಅಲ್ಲಿಗೇ ಬಂದಿದ್ದವು.

2002ರಲ್ಲಿ ಇಂಥ 773 ಎಕರೆಯನ್ನು ಮಾರಾಟದ ಲೆಕ್ಕದಿಂದ ಹೊರಗಿಟ್ಟರು. ಪುಣೆ, ದೆಹಲಿ, ಕೋಲ್ಕತ್ತ, ಚೆನ್ನೈಯ ಜಮೀನು. ಅದನ್ನು ಬೇರೆ ಕಂಪನಿಗೆ ವರ್ಗಾಯಿಸಬೇಕು, ಆ ಕಂಪನಿಯಲ್ಲಿ ಟಾಟಾದವರು ತಮಗೆ ಬರುವ ಶೇ 25 ಪಾಲನ್ನು ಸರ್ಕಾರಕ್ಕೆ ಬಿಟ್ಟುಕೊಡಬೇಕು ಅನ್ನುವುದು ಕರಾರು. ಹೆಮಿಸ್ಫಿಯರ್ ಪ್ರಾಪರ್ಟೀಸ್ ಇಂಡಿಯಾ ಅನ್ನುವ ಆ ಕಂಪನಿಯಲ್ಲಿ ಈಗ ಸರ್ಕಾರದ ಪಾಲು ಶೇ 51.12. ಕರಾರು ಬರೆದವರು ಜಾಣರು, ಒಪ್ಪಲೇಬೇಕು. ಆದರೆ ಜಾರಿ ಆಗಿದ್ದು ಯಾವಾಗ? ಆ ಕಂಪನಿ ಷೇರುಪೇಟೆಗೆ ಬಂದದ್ದು 2020ರಲ್ಲಿ! ಹದಿನೆಂಟು ವರ್ಷ ಅಷ್ಟೂ ಜಮೀನು ತೆರಿಗೆ, ಮುದ್ರಾಂಕ ಶುಲ್ಕ, ಇಲಾಖೆಗಳ ಓಡಾಟದಲ್ಲೇ ಸಿಕ್ಕಿಕೊಂಡಿತ್ತು. ಜನರ ಆಸ್ತಿ ಉಳಿಸಿದ್ದೇವೆ ಅಂತ ಹೇಳಿ ಅದನ್ನು ಯಾರ ಉಪಯೋಗಕ್ಕೂ ಬರದ ಹಾಗೆ ಇಟ್ಟರೆ ಏನು ಬಂತು?

ಐಎಸ್‌ಡಿ ಕರೆ ಅಗ್ಗವಾಗಿದ್ದು ಖಾಸಗೀಕರಣದಿಂದಲೇ ತಾನೆ? ನಮ್ಮಣ್ಣ ಮಸ್ಕತ್‌ನಲ್ಲಿದ್ದಾಗ ಬೂತ್‌ನಲ್ಲಿ ಕೆಂಪು ಅಂಕಿ ಓಡುವುದನ್ನೇ ನೋಡುತ್ತಾ ಮಾತಾಡುತ್ತಿದ್ದೆವು.
– ಗೃಹಿಣಿ, ಭಟ್ಕಳ

ಅಕ್ಕ, ಆ ಕೆಂಪು ಅಂಕಿ ನಮಗೂ ಚೆನ್ನಾಗಿ ನೆನಪಿದೆ. ಆದರೆ ಶ್ರೇಯಸ್ಸು ಬೇರೆಯದಕ್ಕೆ ಹೋಗಬೇಕು. 2002ರಲ್ಲಿ ಎರಡು ವಿಷಯ ಒಟ್ಟಿಗೆ ನಡೆದವು, ಹಾಗಾಗಿ ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ. ಫೆಬ್ರುವರಿಯಲ್ಲಿ ಕಂಪನಿ ಕೈಬದಲಾಯಿತು. ಏಪ್ರಿಲ್‌ನಲ್ಲಿ ಭಾರ್ತಿ, ರಿಲಯನ್ಸ್‌ನಂಥವರಿಗೂ ವಿದೇಶಿ ಕರೆಯ ಬಾಗಿಲು ತೆರೆಯಿತು, ಇಂಟರ್‌ನೆಟ್ ಮೂಲಕ ಮಾತಾಡುವುದಕ್ಕೂ ಅನುಮತಿ ಸಿಕ್ಕಿತು. ದರ ಇಳಿಸಿದ್ದು ಈ ಎರಡನೆಯದು. ಏಕಸ್ವಾಮ್ಯವನ್ನು ಹಾಗೇ ಉಳಿಸಿ ಕಂಪನಿಯನ್ನು ಖಾಸಗಿಯವರಿಗೆ ಮಾರಿದ್ದರೆ ನಿಮ್ಮ ಮಸ್ಕತ್ ಕರೆಗೆ ಒಂದು ರೂಪಾಯಿಯೂ ಕಡಿಮೆ ಆಗುತ್ತಿರಲಿಲ್ಲ. ಸರ್ಕಾರದ ಬದಲು ಬೇರೆಯವರ ಜೇಬಿಗೆ ಹೋಗುತ್ತಿತ್ತು, ಅಷ್ಟೇ. ಯಾವ ಕಂಪನಿ ಮಾರುವ ಸುದ್ದಿ ಬಂದರೂ ನಾನು ಮೊದಲು ನೋಡುವುದು ಇದನ್ನೇ: ಮಾಲೀಕರು ಮಾತ್ರ ಬದಲಾಗುತ್ತಿದ್ದಾರೋ, ಎದುರಿಗೆ ಪೈಪೋಟಿಗೂ ಯಾರಾದರೂ ಬರುತ್ತಿದ್ದಾರೋ?

ಇಂಟರ್‌ನೆಟ್‌ನಲ್ಲೂ ಹೀಗೇ ಆಯಿತು. 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು ಇದೇ ವಿಎಸ್‌ಎನ್‌ಎಲ್. ಮೊದಲು ನಾಲ್ಕು ಮಹಾನಗರ, ಬೆಂಗಳೂರಿನ ಸರದಿ ಆಮೇಲೆ. 1998ರ ಕೊನೆಯಲ್ಲಿ ಖಾಸಗಿ ಕಂಪನಿಗಳಿಗೂ ಅವಕಾಶ ಕೊಟ್ಟ ಮೇಲೇ ದರ ಕೆಳಗೆ ಬಂದದ್ದು. ಆಗಿನ್ನೂ ವಿಎಸ್‌ಎನ್‌ಎಲ್ ಸರ್ಕಾರದ್ದೇ.

ಈಗ ಆ ಕಂಪನಿ ಏನು ಮಾಡುತ್ತಿದೆ? ಹೆಸರೇ ಕೇಳಿಸುವುದಿಲ್ಲವಲ್ಲ.
– ಓದುಗರು, ತುಮಕೂರು

2008ರಿಂದ ಅದರ ಹೆಸರು ಟಾಟಾ ಕಮ್ಯುನಿಕೇಷನ್ಸ್. ಕೇಳಿಸದೇ ಇರಲು ಕಾರಣ, ಅದು ಸಿಮ್ ಮಾರುವುದಿಲ್ಲ. ಅದರ ಗಿರಾಕಿಗಳು ದೊಡ್ಡ ದೊಡ್ಡ ಕಂಪನಿಗಳು, ಬೇರೆ ದೇಶದ ಟೆಲಿಕಾಂ ಸಂಸ್ಥೆಗಳು. ಫಾರ್ಮುಲಾ ಒನ್ ಕಾರ್ ರೇಸ್‌ಗೂ ಸಂಪರ್ಕ ಜಾಲ ಒದಗಿಸಿದೆ.

ಏಕಸ್ವಾಮ್ಯ ಹೋದಾಗ ಅದರ ಮುಂದೆ ಎರಡೇ ದಾರಿ ಇದ್ದವು, ಕರಗಿ ಹೋಗುವುದು ಇಲ್ಲವೇ ಹೊರಗೆ ಹೋಗುವುದು. ಹೊರಗೆ ಹೊರಟಿತು, ಸಮಯವೂ ಕೂಡಿಬಂತು. 2000ದ ಸುಮಾರಿಗೆ ಜಗತ್ತಿನ ತುಂಬ ಸಮುದ್ರದಡಿ ಕೇಬಲ್ ಹಾಕುವ ಹುಚ್ಚು ಹಿಡಿದಿತ್ತು, ಆಮೇಲೆ ಆ ಉಬ್ಬರ ಒಡೆದು ಎಷ್ಟೋ ಕಂಪನಿಗಳು ದಿವಾಳಿ ಎದ್ದವು. ಟೈಕೋ ಸಂಸ್ಥೆ 200 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಹಾಕಿದ್ದ 60,000 ಕಿ.ಮೀ. ಜಾಲವನ್ನು ವಿಎಸ್‌ಎನ್‌ಎಲ್ ಬರೀ 13 ಕೋಟಿ ಡಾಲರ್‌ಗೆ ಕೊಂಡಿತು. ಆ ಒಪ್ಪಂದ ಆದದ್ದು 2004ರಲ್ಲಿ. ಮರುವರ್ಷ ಕೆನಡಾದ ಟೆಲಿಗ್ಲೋಬ್ ಅನ್ನು 23.9 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಈ ಟೆಲಿಗ್ಲೋಬ್ ಕೂಡ ಒಂದು ಕಾಲಕ್ಕೆ ಕೆನಡಾ ಸರ್ಕಾರದ ವಿದೇಶಿ ಸಂಪರ್ಕ ಸಂಸ್ಥೆ, 1987ರಲ್ಲಿ ಖಾಸಗಿಯಾದದ್ದು.

ಆ ಕೇಬಲ್ ಹೇಗಿರುತ್ತದೆ ಗೊತ್ತಾ? ಆಳ ಸಮುದ್ರದಲ್ಲಿ ಅದರ ದಪ್ಪ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ. ಒಳಗೆ ಕೂದಲೆಳೆಯಂಥ ಗಾಜಿನ ಎಳೆಗಳು, ಸುತ್ತ ತಾಮ್ರದ ಕೊಳವೆ. ಬೆಳಕು ದೂರ ಹೋದ ಹಾಗೆ ಮಂಕಾಗುತ್ತದೆ, ಅದಕ್ಕೆ ಎಂಬತ್ತು–ನೂರು ಕಿ.ಮೀ.ಗೊಂದು ರಿಪೀಟರ್ ಕೂರಿಸಿರುತ್ತಾರೆ. ಅದಕ್ಕೆ ವಿದ್ಯುತ್ ಆ ತಾಮ್ರದ ಮೂಲಕವೇ ದಡದಿಂದ, ಸಾವಿರಾರು ವೋಲ್ಟ್‌ನಲ್ಲಿ ಹೋಗುತ್ತದೆ. ಹಡಗಿನ ಲಂಗರಿಗೆ ಸಿಕ್ಕಿ ತುಂಡಾದರೆ ಇನ್ನೊಂದು ಹಡಗು ಹೋಗಿ ಎರಡು ತುದಿಗಳನ್ನೂ ಮೇಲೆತ್ತಿ ಬೆಸೆಯಬೇಕು.

ಎಲ್ಲವೂ ಗೆಲುವೇ ಆಗಲಿಲ್ಲ. ದಕ್ಷಿಣ ಆಫ್ರಿಕಾದ ನಿಯೋಟೆಲ್‌ನಲ್ಲಿ ಹಾಕಿದ ಹಣ ವರ್ಷಗಟ್ಟಲೆ ಕಾಡಿತು, ಸಾಲ ಬೆಳೆಯಿತು, ಕೊನೆಗೆ ಅದನ್ನು ಮಾರಿದರು. ಡೇಟಾ ಸೆಂಟರ್ ವ್ಯವಹಾರದ ಬಹುಪಾಲನ್ನೂ 2016ರಲ್ಲಿ ಸಿಂಗಪುರದವರಿಗೆ ಮಾರಿದರು.

ವಿಎಸ್‌ಎನ್‌ಎಲ್ ಹಾಗೆ ಬಿಎಸ್‌ಎನ್‌ಎಲ್ ಅನ್ನೂ ಮಾರಿದ್ದರೆ ಉದ್ಧಾರ ಆಗುತ್ತಿತ್ತು ಅನ್ನುತ್ತಾರೆ. ಅಲ್ಲಿ ದುಡಿದವನಾಗಿ ಕೇಳಲು ಕಷ್ಟವಾಗುತ್ತದೆ.
– ನಿವೃತ್ತ ದೂರವಾಣಿ ನೌಕರರು, ಮೈಸೂರು

ನಿಮ್ಮ ನೋವು ನ್ಯಾಯವಾದದ್ದು, ಸ್ವಾಮಿ. ಈ ಹೋಲಿಕೆಯೇ ಸರಿಯಿಲ್ಲ. ವಿಎಸ್‌ಎನ್‌ಎಲ್‌ಗೆ ಇದ್ದದ್ದು ಕೆಲವು ಸಾವಿರ ನೌಕರರು, ಕೆಲವೇ ಊರುಗಳಲ್ಲಿ ಕೇಂದ್ರಗಳು, ಸಗಟು ವ್ಯಾಪಾರ. ಬಿಎಸ್‌ಎನ್‌ಎಲ್ 2000ದ ಅಕ್ಟೋಬರ್ 1ರಂದು ಶುರುವಾದಾಗ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಇಲಾಖೆಯಿಂದ ಪಡೆಯಿತು, ಜೊತೆಗೆ ಲಾಭ ಬರಲಿ ಬಿಡಲಿ ಹಳ್ಳಿಗೆ ಲೈನ್ ಎಳೆಯುವ ಹೊಣೆಯನ್ನೂ ಹೊತ್ತಿತು. ಮಳೆಗಾಲದಲ್ಲಿ ಮಲೆನಾಡಿನ ಕಂಬ ಬಿದ್ದರೆ ಹತ್ತಿ ಸರಿ ಮಾಡುತ್ತಿದ್ದ ಲೈನ್‌ಮನ್‌ನ ಕೆಲಸ ಯಾವ ಖಾಸಗಿ ಕಂಪನಿಯ ಲೆಕ್ಕಕ್ಕೂ ಹೊಂದುವುದಿಲ್ಲ.

ಹಾಗಂತ ಎಲ್ಲ ಸರಿ ಇತ್ತು ಅನ್ನುವುದಿಲ್ಲ. ಖಾಸಗಿಯವರು 4ಜಿ ಹಾಕಿ ವರ್ಷಗಳಾದರೂ ಬಿಎಸ್‌ಎನ್‌ಎಲ್‌ಗೆ ಅದು ಸಿಗಲಿಲ್ಲ. ಉಪಕರಣ ಕೊಳ್ಳುವ ತೀರ್ಮಾನಕ್ಕೇ ವರ್ಷಗಳು ಹೋದವು. ಸ್ವಯಂ ನಿವೃತ್ತಿ ಯೋಜನೆಯಲ್ಲಿ 2020ರ ಜನವರಿಯಲ್ಲಿ ಒಂದೇ ಸಲ 78,000ಕ್ಕೂ ಹೆಚ್ಚು ಜನ ಹೊರಗೆ ಬಂದರು. 2022ರಲ್ಲಿ 1.64 ಲಕ್ಷ ಕೋಟಿಯ ಪುನಶ್ಚೇತನ ಪ್ಯಾಕೇಜ್ ಬಂತು. ಇದರ ಒಂದು ಪಾಲು ಹತ್ತು ವರ್ಷ ಮೊದಲು, ತೀರ್ಮಾನ ತೆಗೆದುಕೊಳ್ಳುವ ಸ್ವಾತಂತ್ರ್ಯದ ಜೊತೆ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತು ಅನ್ನುವುದು ನನ್ನ ನಂಬಿಕೆ. ಮಾರುವುದೂ ಇಲ್ಲ, ಬೆಳೆಯಲು ಬಿಡುವುದೂ ಇಲ್ಲ ಅನ್ನುವ ಸ್ಥಿತಿಯಲ್ಲಿ ಇಟ್ಟದ್ದೇ ಅದಕ್ಕೆ ಮಾಡಿದ ಅನ್ಯಾಯ.

ತೀರಿಕೊಂಡ ನಮ್ಮ ತಂದೆಯ ಟ್ರಂಕಿನಲ್ಲಿ ವಿಎಸ್‌ಎನ್‌ಎಲ್ ಷೇರು ಪತ್ರಗಳು ಸಿಕ್ಕಿವೆ. ಬೆಲೆ ಇದೆಯಾ, ರದ್ದಿಗೆ ಹಾಕಬಹುದಾ?
– ಓದುಗರು, ದಾವಣಗೆರೆ

ದಯವಿಟ್ಟು ರದ್ದಿಗೆ ಹಾಕಬೇಡಿ! ಅವೆಲ್ಲ ಈಗ ಟಾಟಾ ಕಮ್ಯುನಿಕೇಷನ್ಸ್ ಷೇರುಗಳು. ಜೊತೆಗೆ ಮೇಲೆ ಹೇಳಿದ ಹೆಮಿಸ್ಫಿಯರ್ ಕಂಪನಿಯ ಷೇರನ್ನೂ ಒಂದಕ್ಕೊಂದರಂತೆ ಕೊಟ್ಟಿದ್ದಾರೆ, ಅದನ್ನೂ ವಿಚಾರಿಸಿ. ಮರಣ ಪತ್ರ, ವಾರಸುದಾರಿಕೆಯ ದಾಖಲೆ, ನಿಮ್ಮ ಪ್ಯಾನ್, ಡಿಮ್ಯಾಟ್ ಖಾತೆ ಬೇಕಾಗುತ್ತದೆ. ಕಂಪನಿಯ ಷೇರುದಾರರ ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರ್‌ಗೆ, ಷೇರು ಪತ್ರದ ಮೇಲಿರುವ ಫೋಲಿಯೋ ಸಂಖ್ಯೆ ಬರೆದು ಪತ್ರ ಹಾಕಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ, ಅಂದರೆ ಐಇಪಿಎಫ್‌ಗೆ ಹೋಗಿರುತ್ತವೆ. ಹೋಗಿದ್ದರೂ ಗಾಬರಿ ಬೇಡ, ಐಇಪಿಎಫ್–5 ಅರ್ಜಿ ಹಾಕಿ ವಾಪಸ್ ಪಡೆಯಬಹುದು. ತಿಂಗಳುಗಟ್ಟಲೆ ಓಡಾಟ ಇದೆ, ತಾಳ್ಮೆ ಬೇಕು. ಪತ್ರದ ಮೇಲಿನ ಹೆಸರಿಗೂ ಮರಣ ಪತ್ರದ ಹೆಸರಿಗೂ ಇನಿಷಿಯಲ್‌ನಲ್ಲಿ ವ್ಯತ್ಯಾಸ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ, ಹೆಚ್ಚಿನವರ ಅರ್ಜಿ ನಿಲ್ಲುವುದು ಅಲ್ಲೇ.