77ನೇ ಡಿವಿಷನ್: ಓದುಗರು ಬಿಡಲಿಲ್ಲ, ನಾವೂ ಬರೆದೆವು

ಕಳೆದ ಸಂಚಿಕೆಯಲ್ಲಿ ಒಬ್ಬ ಓದುಗರು, ಬಂದೂಕು ಮುಟ್ಟದೆಯೇ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಪಡೆದ ಸೈನಿಕ ಯಾರಾದರೂ ಇದ್ದಾರಾ ಎಂದು ಕೇಳಿದ್ದರು. ಇದ್ದಾರೆ, ಡೆಸ್ಮಂಡ್ ಡಾಸ್, 77ನೇ ಕಾಲಾಳು ಡಿವಿಷನ್, ಅದೊಂದು ಮೀಸಲು ಡಿವಿಷನ್ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೆವು. ಅದಾದ ಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆಯೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಡಿವಿಷನ್ನಿಗೆ.

ಪ್ರಶ್ನೆ: ಮೀಸಲು ಡಿವಿಷನ್ ಅಂದರೆ ಏನು ಸ್ವಾಮಿ? ಯುದ್ಧ ಇಲ್ಲದಾಗ ಅದರ ಸಾವಿರಾರು ಸೈನಿಕರು ಎಲ್ಲಿರುತ್ತಾರೆ?

ಉತ್ತರ: ಸೈನಿಕರೇ ಇರುವುದಿಲ್ಲ! 1920, 30ರ ದಶಕದ ಅಮೆರಿಕದ ಮಟ್ಟಿಗಂತೂ ಇದು ನಿಜ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಆ ದೇಶ ಕಾಯ್ದೆ ಮಾಡಿ ಸೇನೆಯನ್ನು ಮೂರು ಭಾಗ ಮಾಡಿತು. ವರ್ಷಪೂರ್ತಿ ಕೆಲಸದಲ್ಲಿರುವ ಕಾಯಂ ಸೇನೆ, ರಾಜ್ಯಗಳ ಜೊತೆ ನಂಟಿರುವ ನ್ಯಾಷನಲ್ ಗಾರ್ಡ್, ಮತ್ತೆ ಆರ್ಗನೈಸ್ಡ್ ರಿಸರ್ವ್ ಎಂಬ ಮೀಸಲು ಪಡೆ. 1921ರಲ್ಲಿ 77ನೇ ಡಿವಿಷನ್ ಈ ಮೂರನೆಯ ಗುಂಪಿಗೆ ಬಂತು. ಒಂದು ಸಂಖ್ಯೆ, ತೋಳಿಗೆ ಹಾಕುವ ಒಂದು ಲಾಂಛನ, ಅಧಿಕಾರಿಗಳ ಉದ್ದದ ಪಟ್ಟಿ, ಇಷ್ಟೇ ಅದರ ಆಸ್ತಿ. ಪಟ್ಟಿಯಲ್ಲಿದ್ದ ಹೆಚ್ಚಿನವರು ಹಳೆಯ ಯುದ್ಧದಲ್ಲಿ ಹೋರಾಡಿ ಬಂದವರು ಅಥವಾ ಕಾಲೇಜಿನಲ್ಲಿ ಸೇನಾ ತರಬೇತಿ ಪಡೆದವರು. ವರ್ಷವಿಡೀ ತಮ್ಮ ತಮ್ಮ ಉದ್ಯೋಗ ನೋಡಿಕೊಂಡು, ಅಂಚೆಯಲ್ಲಿ ಬಂದ ಪಾಠ ಓದಿ, ಅವಕಾಶ ಸಿಕ್ಕ ಬೇಸಿಗೆಯಲ್ಲಿ ಎರಡು ವಾರ ಶಿಬಿರಕ್ಕೆ ಹೋಗುತ್ತಿದ್ದರು. ಕೆಳಗಿನ ಸಿಪಾಯಿಗಳು ಬೆರಳೆಣಿಕೆ. ಬಂದೂಕು, ಫಿರಂಗಿ, ಲಾರಿ ಅಂತೂ ಹೆಸರಿಗಷ್ಟೇ.

ನಗಬೇಡಿ. ಯುದ್ಧ ಬಂದ ದಿನ ಸೊನ್ನೆಯಿಂದ ಶುರು ಮಾಡುವ ಬದಲು, ಒಂದು ಚೌಕಟ್ಟನ್ನು ಎತ್ತಿಟ್ಟುಕೊಂಡು, ಆ ದಿನ ಜನರನ್ನು ತಂದು ತುಂಬುವುದು ಯೋಜನೆ. ಖರ್ಚು ತೀರಾ ಕಡಿಮೆ. ಇಪ್ಪತ್ತು ವರ್ಷ ಸಂಸತ್ತು ಅದಕ್ಕೆ ಕೊಟ್ಟ ದುಡ್ಡೂ ಅಷ್ಟೇ ಕಡಿಮೆ ಅನ್ನಿ.

ಪ್ರಶ್ನೆ: 77 ಅಂದರೆ ಅದಕ್ಕಿಂತ ಮೊದಲು 76 ಡಿವಿಷನ್ ಇದ್ದವು ಅಂತಲೇ?

ಉತ್ತರ: ಇಲ್ಲ. 1917ರಲ್ಲಿ ಸಂಖ್ಯೆಗಳನ್ನು ಮೊದಲೇ ಹಂಚಿಟ್ಟರು. 1ರಿಂದ 25 ಕಾಯಂ ಸೇನೆಗೆ, 26ರಿಂದ 75 ನ್ಯಾಷನಲ್ ಗಾರ್ಡಿಗೆ, 76ರಿಂದ ಮುಂದಿನದು ಕಡ್ಡಾಯ ಭರ್ತಿಯಲ್ಲಿ ಬಂದವರಿಗೆ. ನಡುವೆ ಎಷ್ಟೋ ಸಂಖ್ಯೆ ಖಾಲಿ ಉಳಿದವು.

ಪ್ರಶ್ನೆ: ಈ ಡಿವಿಷನ್ನಿನ ಬೆಟಾಲಿಯನ್ ಒಂದು ಕಾಡಿನಲ್ಲಿ ಕಳೆದುಹೋಗಿತ್ತಂತೆ, ಪಾರಿವಾಳ ಬಂದು ಕಾಪಾಡಿತಂತೆ. ಇದೆಲ್ಲ ನಿಜವೋ ಕಟ್ಟುಕತೆಯೋ?

ಉತ್ತರ: ಬಹುಪಾಲು ನಿಜ. ಆದರೆ ಪಾರಿವಾಳಕ್ಕೆ ಸಿಕ್ಕಷ್ಟು ಪ್ರಚಾರ ಮನುಷ್ಯರಿಗೆ ಸಿಗಲಿಲ್ಲ.

ಮೊದಲು ಈ ಜನ ಯಾರು ಅಂತ ನೋಡಿ. 1917ರ ಆಗಸ್ಟಿನಲ್ಲಿ ಲಾಂಗ್ ಐಲೆಂಡಿನ ಕ್ಯಾಂಪ್ ಅಪ್ಟನ್ನಿನಲ್ಲಿ ಈ ಡಿವಿಷನ್ ಹುಟ್ಟಿತು. ಆಗ ಅದಕ್ಕೆ ಮೀಸಲು ಎಂಬ ಹೆಸರಿರಲಿಲ್ಲ, ನ್ಯಾಷನಲ್ ಆರ್ಮಿ ಅನ್ನುತ್ತಿದ್ದರು. ಬಂದವರು ನ್ಯೂಯಾರ್ಕ್ ನಗರದ ಗಲ್ಲಿಗಳ ಹುಡುಗರು. ಇಟಲಿ, ಪೋಲೆಂಡ್, ರಷ್ಯಾದಿಂದ ವಲಸೆ ಬಂದ ಮನೆಗಳವರು, ಯಹೂದಿಗಳು, ಐರಿಷ್ ಜನ, ಕೆಲವು ಚೀನೀಯರು ಕೂಡ. ಎಷ್ಟೋ ಜನಕ್ಕೆ ಇಂಗ್ಲಿಷೇ ಬರುತ್ತಿರಲಿಲ್ಲ, ಶಿಬಿರದಲ್ಲೇ ಭಾಷೆ ಕಲಿಸಬೇಕಾಯಿತು. ತೋಳಿಗೆ ಸಿಕ್ಕ ಲಾಂಛನ ನೀಲಿಯ ಮೇಲೆ ಚಿನ್ನದ ಬಣ್ಣದ ಲಿಬರ್ಟಿ ಪ್ರತಿಮೆ. ಹಡಗಿನಲ್ಲಿ ಬಂದಿಳಿದ ಅವರಲ್ಲಿ ಎಷ್ಟೋ ಜನ ಆ ದೇಶದಲ್ಲಿ ಮೊದಲು ನೋಡಿದ್ದೇ ಆ ಪ್ರತಿಮೆಯನ್ನಲ್ಲವೇ! 1918ರ ಏಪ್ರಿಲ್‌ನಲ್ಲಿ, ಕಡ್ಡಾಯ ಭರ್ತಿಯ ಡಿವಿಷನ್‌ಗಳ ಪೈಕಿ ಎಲ್ಲಕ್ಕಿಂತ ಮೊದಲು, ಇವರು ಫ್ರಾನ್ಸ್ ಮುಟ್ಟಿದರು.

ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ ಆರ್ಗಾನ್ ಕಾಡಿನಲ್ಲಿ ದಾಳಿ. ಎಡ ಬಲದವರು ಬಂದರೋ ಇಲ್ಲವೋ ನೋಡಬೇಡಿ, ಮುಂದೆ ಹೋಗುತ್ತಲೇ ಇರಿ ಎಂದು ಡಿವಿಷನ್ನಿನ ಜನರಲ್ ರಾಬರ್ಟ್ ಅಲೆಕ್ಸಾಂಡರ್ ಆಜ್ಞೆ ಮಾಡಿದ್ದರು. ಮೇಜರ್ ಚಾರ್ಲ್ಸ್ ವಿಟಲ್ಸಿ ಹಾಗೇ ಮಾಡಿದರು. ಅವರು ನ್ಯೂಯಾರ್ಕಿನಲ್ಲಿ ವಕೀಲರಾಗಿದ್ದವರು, ಕನ್ನಡಕದ ಸಣಕಲು ಮನುಷ್ಯ, ಯುದ್ಧ ಶುರುವಾದ ಮೇಲೆ ಅಧಿಕಾರಿಗಳ ತರಬೇತಿ ಪಡೆದು ಬಂದವರು. ಹೇಳಿದ ಜಾಗಕ್ಕೆ ಸರಿಯಾಗಿ ತಲುಪಿದರು, ಆದರೆ ಅಕ್ಕಪಕ್ಕದ ಪಡೆಗಳು ಹಿಂದೆಯೇ ನಿಂತಿದ್ದವು. (ಡಿವಿಷನ್ನಿನೊಳಗೆ ರೆಜಿಮೆಂಟು, ಅದರೊಳಗೆ ಬೆಟಾಲಿಯನ್, ಅದರೊಳಗೆ ಕಂಪನಿ, ಹೀಗೆ ಲೆಕ್ಕ.) 308ನೇ ರೆಜಿಮೆಂಟಿನ ಎರಡು ಬೆಟಾಲಿಯನ್‌ಗಳ ತುಂಡು ತುಂಡು, 307ರ ಒಂದು ಕಂಪನಿ, ಮೆಷಿನ್ ಗನ್ ತಂಡಗಳು, ಎಲ್ಲ ಸೇರಿ ಸುಮಾರು 550 ಜನ ಒಂದು ಕಣಿವೆಯ ಇಳಿಜಾರಿನಲ್ಲಿ ಸಿಕ್ಕಿಬಿದ್ದರು. ನಾಲ್ಕೂ ಕಡೆ ಜರ್ಮನ್ನರು. ಊಟ ಇಲ್ಲ, ಹೊದಿಕೆ ಇಲ್ಲ, ಕೆಳಗಿನ ತೊರೆಯಲ್ಲಿ ನೀರು ತರಲು ಹೋದವನಿಗೆ ಗುಂಡು.

4ರಂದು ಇನ್ನೂ ಕೆಟ್ಟದ್ದಾಯಿತು. ಅಮೆರಿಕದ್ದೇ ಫಿರಂಗಿಗಳು ಇವರ ಮೇಲೆ ಗುಂಡು ಸುರಿಸಲು ಶುರು ಮಾಡಿದವು. ಉಳಿದಿದ್ದ ಕೊನೆಯ ಪಾರಿವಾಳದ ಕಾಲಿಗೆ ವಿಟಲ್ಸಿ ಚೀಟಿ ಕಟ್ಟಿ ಬಿಟ್ಟರು: ನಮ್ಮ ಫಿರಂಗಿ ನಮ್ಮನ್ನೇ ಹೊಡೆಯುತ್ತಿದೆ, ದೇವರಾಣೆ, ನಿಲ್ಲಿಸಿ. ಷೆರ್ ಅಮಿ ಎಂಬ ಪಾರಿವಾಳ ಎದೆಗೆ ಗುಂಡು ಬಿದ್ದು, ಕಾಲು ಹರಿದು ಗೂಡಿಗೆ ಮರಳಿತು ಎಂಬುದು ಎಲ್ಲರಿಗೂ ಗೊತ್ತಿರುವ ಕತೆ. ಅದರ ದೇಹ ಇವತ್ತಿಗೂ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಆ ಚೀಟಿ ತಂದದ್ದು ಅದೇ ಹಕ್ಕಿಯೋ ಬೇರೆಯದೋ ಅಂತ ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ, ನಾವು ಆ ಜಗಳಕ್ಕೆ ಇಳಿಯುವುದು ಬೇಡ. ವಿಮಾನದಿಂದ ಆಹಾರ ಹಾಕಲು ನೋಡಿದರು, ಗಂಟುಗಳೆಲ್ಲ ಜರ್ಮನ್ನರ ಕೈಸೇರಿದವು. ಅದಕ್ಕೆಂದೇ ತೀರಾ ಕೆಳಗೆ ಹಾರಿದ ಗೆಟ್ಲರ್ ಮತ್ತು ಬ್ಲೆಕ್ಲಿ ಎಂಬ ಇಬ್ಬರು ವಾಯುಪಡೆಯವರು ಸತ್ತರು. 7ರಂದು ಜರ್ಮನ್ನರು ಸೆರೆಸಿಕ್ಕ ಒಬ್ಬ ಅಮೆರಿಕನ್ ಸೈನಿಕನ ಕೈಲೇ ಶರಣಾಗಿ ಎಂದು ಪತ್ರ ಕಳಿಸಿದರು. ವಿಟಲ್ಸಿ ಉತ್ತರವನ್ನೇ ಕೊಡಲಿಲ್ಲ. ವಿಮಾನಗಳಿಗೆ ಗುರುತಾಗಲೆಂದು ಹಾಸಿದ್ದ ಬಿಳಿ ಬಟ್ಟೆಗಳನ್ನು ಒಳಗೆ ಎಳೆಸಿದರು, ಶರಣಾಗತಿಯ ಬಾವುಟ ಅಂದುಕೊಂಡಾರು ಅಂತ. ಆ ಸಂಜೆ ಸಹಾಯ ಬಂತು. ತಮ್ಮ ಕಾಲ ಮೇಲೆ ನಡೆದು ಹೊರಬಂದವರು 194.

ವಿಟಲ್ಸಿಗೆ ಮೆಡಲ್ ಆಫ್ ಆನರ್ ಕೊಟ್ಟರು, ಶುರುವಿನಲ್ಲಿ ಹೇಳಿದ ಅತಿ ದೊಡ್ಡ ಶೌರ್ಯ ಪದಕ ಅದೇ. ಅಲ್ಲಿಂದ ಶುರುವಾಯಿತು ನೋಡಿ ಭಾಷಣ, ಮೆರವಣಿಗೆ, ಸತ್ತವರ ಮನೆಯವರ ಭೇಟಿ. ಅವರಿಗೆ ಅದ್ಯಾವುದೂ ಬೇಕಿರಲಿಲ್ಲ. 1921ರ ನವೆಂಬರ್ 11ರಂದು ಯುದ್ಧದಲ್ಲಿ ಸತ್ತು ಗುರುತೇ ಸಿಗದ ಅನಾಮಿಕ ಸೈನಿಕನ ಅಂತ್ಯಕ್ರಿಯೆಗೆ ಅವರನ್ನೂ ಕರೆಸಿದ್ದರು. ಅದಾಗಿ ಎರಡು ವಾರದಲ್ಲಿ ಹವಾನಾಗೆ ಹೊರಟ ಹಡಗು ಹತ್ತಿದರು, ರಾತ್ರಿ ಸಮುದ್ರಕ್ಕೆ ಹಾರಿದರು. ದೇಹ ಸಿಗಲೇ ಇಲ್ಲ. ಯುದ್ಧದಿಂದ ಬಂದವರ ಮನಸ್ಸಿನ ಬಗ್ಗೆ ಆಗ ಯಾರೂ ಜಾಸ್ತಿ ಯೋಚಿಸುತ್ತಿರಲಿಲ್ಲ.

ಪ್ರಶ್ನೆ: ಖಾಲಿ ಡಿವಿಷನ್ ಅಂದಿರಿ. ಹಾಗಾದರೆ ಎರಡನೆಯ ಮಹಾಯುದ್ಧದಲ್ಲಿ ಅದಕ್ಕೆ ಜನ ಎಲ್ಲಿಂದ ಬಂದರು? ಮೀಸಲು ಪಡೆ ಎಂದರೆ ಎರಡನೆಯ ದರ್ಜೆ ತಾನೇ?

ಉತ್ತರ: ಎರಡನೆಯ ದರ್ಜೆ ಎಂದು ಅಮೆರಿಕದಲ್ಲೂ ಅನೇಕರು ಅಂದುಕೊಂಡಿದ್ದರು. ಪರ್ಲ್ ಹಾರ್ಬರ್ ದಾಳಿಯಾಗಿ ಮೂರೂವರೆ ತಿಂಗಳಿಗೆ, 1942ರ ಮಾರ್ಚ್ 25ರಂದು, ಮೂರು ಮೀಸಲು ಡಿವಿಷನ್‌ಗಳನ್ನು ಒಟ್ಟಿಗೆ ಎಬ್ಬಿಸಿದರು: 77, 82, 90. ಈ 82ನೆಯದು ಆಮೇಲೆ ಪ್ಯಾರಾಶೂಟ್ ಡಿವಿಷನ್ ಆಗಿ ಎಷ್ಟು ಹೆಸರು ಮಾಡಿತೆಂದರೆ, ಅದೂ ಮೀಸಲು ಪಡೆಯಿಂದ ಬಂದದ್ದು ಎಂದರೆ ಜನ ನಂಬುವುದಿಲ್ಲ.

77ಕ್ಕೆ ದಕ್ಷಿಣ ಕೆರೊಲಿನಾದ ಫೋರ್ಟ್ ಜಾಕ್ಸನ್ನಿನಲ್ಲಿ ಕಡ್ಡಾಯ ಭರ್ತಿಯವರನ್ನು ತುಂಬಿದರು. ಮೂವತ್ತು ದಾಟಿದ, ಮನೆ ಮಕ್ಕಳಿರುವ ಗಂಡಸರು ಬೇರೆ ಡಿವಿಷನ್‌ಗಳಿಗಿಂತ ಇದರಲ್ಲಿ ಜಾಸ್ತಿ. ಎರಡು ವರ್ಷ ತರಬೇತಿ ಆಯಿತು. ಅರಿಜೋನಾದ ಮರುಭೂಮಿಯಲ್ಲೂ ಓಡಿಸಿದರು, ಕೊನೆಗೆ ಕಳಿಸಿದ್ದು ಪೆಸಿಫಿಕ್ಕಿನ ಮಳೆಕಾಡಿಗೆ! ಸೇನೆಯ ತರ್ಕ ಸೇನೆಗೇ ಗೊತ್ತು.

1944ರ ಜುಲೈನಲ್ಲಿ ಗುವಾಮ್ ದ್ವೀಪ. ನೀರಿನಲ್ಲಿ ತೆವಳಿ ದಡ ಹತ್ತುವ ವಾಹನಗಳು ಮರೀನ್ ಪಡೆಯ (ಸಮುದ್ರದಿಂದ ದಡಕ್ಕೆ ದಾಳಿ ಮಾಡುವ, ಸೇನೆಯಿಂದ ಬೇರೆಯದೇ ಆದ ಪಡೆ) ಹತ್ತಿರ ಇದ್ದವು, ಇವರ ಹತ್ತಿರ ಇರಲಿಲ್ಲ. ಹವಳದ ದಿಬ್ಬದ ಬಳಿ ದೋಣಿ ಇಳಿದು, ನೀರಿನಲ್ಲೇ ನಡೆದುಕೊಂಡು ಬಂದರು. ಮರೀನ್‌ಗಳು ಸಾಮಾನ್ಯವಾಗಿ ಸೇನೆಯವರನ್ನು ಹೊಗಳುವ ಜಾತಿಯಲ್ಲ. ಯುದ್ಧ ಮುಗಿಯುವಾಗ ಅವರೇ ಇವರನ್ನು 77ನೇ ಮರೀನ್ ಡಿವಿಷನ್ ಎಂದು ಕರೆಯುತ್ತಿದ್ದರು.

ಗುವಾಮ್‌ನಲ್ಲಿ ನಡೆದ ಇನ್ನೊಂದು ವಿಷಯ ಹೇಳಲೇಬೇಕು. ಈ ಎಲ್ಲ ಡಿವಿಷನ್‌ಗಳಿಗೆ ತರಬೇತಿ ಕೊಡಿಸಿದ ದೊಡ್ಡ ಅಧಿಕಾರಿ ಜನರಲ್ ಲೆಸ್ಲಿ ಮೆಕ್‌ನೇರ್. ಜುಲೈ 25ರಂದು ಫ್ರಾನ್ಸಿನಲ್ಲಿ ಅಮೆರಿಕದ್ದೇ ವಿಮಾನಗಳ ಬಾಂಬು ತಪ್ಪಿ ಬಿದ್ದು ಅವರು ಸತ್ತರು. ಅವರ ಮಗ ಕರ್ನಲ್ ಡಗ್ಲಾಸ್ ಮೆಕ್‌ನೇರ್ 77ನೇ ಡಿವಿಷನ್ನಿನ ಮುಖ್ಯ ಸಿಬ್ಬಂದಿ ಅಧಿಕಾರಿ. ಅಪ್ಪ ಸತ್ತು 12 ದಿನಕ್ಕೆ, ಆಗಸ್ಟ್ 6ರಂದು, ಗುವಾಮ್‌ನಲ್ಲಿ ಮಗನೂ ಸತ್ತರು.

ಗುವಾಮ್ ಆದ ಮೇಲೆ ವಿಶ್ರಾಂತಿಗೆಂದು ಹಡಗು ಹತ್ತಿಸಿದರು. ದಾರಿಯಲ್ಲೇ ತಿರುಗಿಸಿ ಫಿಲಿಪೀನ್ಸಿನ ಲೇಯ್ಟಿಗೆ ಒಯ್ದರು. ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ಆಗಿ ಸರಿಯಾಗಿ ಮೂರು ವರ್ಷಕ್ಕೆ, ಜಪಾನೀಯರ ಬೆನ್ನ ಹಿಂದೆ ಓರ್ಮೋಕ್ ಬಳಿ ಇಳಿದರು. ಇವರ ಹಡಗುಗಳ ಗುಂಪಿನಲ್ಲಿ ವಾರ್ಡ್ ಎಂಬ ಹಳೆಯ ಹಡಗಿತ್ತು. ಪರ್ಲ್ ಹಾರ್ಬರ್ ದಿನ ಅಮೆರಿಕದ ಕಡೆಯಿಂದ ಮೊದಲ ಗುಂಡು ಹಾರಿಸಿದ ಹಡಗು ಅದೇ. ಆತ್ಮಾಹುತಿ ವಿಮಾನ ಬಡಿದು ಅದು ಹೊತ್ತಿ ಉರಿಯಿತು. ಇನ್ನು ಉಳಿಯಲ್ಲ ಎಂದಾದಾಗ ಅದನ್ನು ಮುಳುಗಿಸುವ ಕೆಲಸ ಪಕ್ಕದ ಒ'ಬ್ರಯನ್ ಹಡಗಿಗೆ ಬಂತು. ಒ'ಬ್ರಯನ್‌ನ ಕಪ್ತಾನ ಯಾರು ಗೊತ್ತೇ? ಮೂರು ವರ್ಷದ ಹಿಂದೆ ವಾರ್ಡ್‌ನಲ್ಲಿ ನಿಂತು ಆ ಮೊದಲ ಗುಂಡು ಹಾರಿಸಿದ್ದ ವಿಲಿಯಂ ಔಟರ್‌ಬ್ರಿಜ್. ಕತೆಗಾರ ಹೀಗೆ ಬರೆದರೆ ನಾವು ಅತಿಯಾಯಿತು ಅನ್ನುತ್ತಿದ್ದೆವು.

ಮೂರು ದಿನದಲ್ಲಿ ಓರ್ಮೋಕ್ ಪಟ್ಟಣ ಕೈಗೆ ಬಂತು. ಡಿವಿಷನ್ನಿನ ಮುಖ್ಯಸ್ಥ ಜನರಲ್ ಆಂಡ್ರ್ಯೂ ಬ್ರೂಸ್ ಮೇಲಿನವರಿಗೆ ಸುದ್ದಿ ಕಳಿಸಿದ್ದು ದಾಳದ ಆಟದ ಮಾತಿನಲ್ಲಿ: ಓರ್ಮೋಕ್‌ನಲ್ಲಿ ಎರಡು ಏಳು ಬಿದ್ದಿವೆ, ಇನ್ನು ಏಳು ಬರಲಿ, ಹನ್ನೊಂದು ಬರಲಿ. ಎರಡು ಏಳು ಅಂದರೆ ಇವರದೇ 77. ಅದೇ ದ್ವೀಪದಲ್ಲಿ ಇವರತ್ತ ಬರಬೇಕಿದ್ದ ಪಡೆಗಳು 7ನೇ ಡಿವಿಷನ್ ಮತ್ತು 11ನೇ ಪ್ಯಾರಾಶೂಟ್ ಡಿವಿಷನ್!

ಪ್ರಶ್ನೆ: ಡಾಸ್ ಬಂದೂಕು ಹಿಡಿಯಲಿಲ್ಲ ಅಂದರೆ ಯುದ್ಧಕ್ಕೆ ಯಾಕೆ ಹೋದರು? ನಿಜಕ್ಕೂ 75 ಜನರನ್ನು ಒಬ್ಬರೇ ಇಳಿಸಿದರಾ?

ಉತ್ತರ: ಡಾಸ್ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು. ಕೊಲ್ಲುವುದಿಲ್ಲ, ಆದರೆ ದೇಶದ ಕೆಲಸಕ್ಕೆ ಬರುತ್ತೇನೆ ಎಂದು ವೈದ್ಯಕೀಯ ಸಹಾಯಕರಾಗಿ ಸೇರಿದರು. ತರಬೇತಿಯಲ್ಲಿ ಜೊತೆಯವರು ಗೇಲಿ ಮಾಡಿದರು, ಬೂಟು ಎಸೆದರು. ಮೇಲಿನವರು ತಲೆ ಸರಿ ಇಲ್ಲ ಎಂದು ಮನೆಗೆ ಕಳಿಸಲೂ ನೋಡಿದರು. ಹೋಗಲಿಲ್ಲ.

1945ರ ಮೇ ತಿಂಗಳ ಶುರುವಿನಲ್ಲಿ ಜಪಾನಿನ ಒಕಿನಾವಾ ದ್ವೀಪದ ಮಾಯೆದಾ ಬೆಟ್ಟದಂಚಿನಲ್ಲಿ ಜಪಾನೀಯರು ತಿರುಗಿಬಿದ್ದರು. ನಡೆಯಬಲ್ಲವರು ಕೆಳಗಿಳಿದರು, ಗಾಯಾಳುಗಳು ಮೇಲೇ ಉಳಿದರು, ಡಾಸ್ ಕೂಡ ಉಳಿದರು. ಒಬ್ಬೊಬ್ಬರನ್ನೇ ಅಂಚಿಗೆ ಎಳೆದು ತಂದು ಹಗ್ಗ ಕಟ್ಟಿ ಕೆಳಗೆ ಬಿಟ್ಟರು, ಗಂಟೆಗಟ್ಟಲೆ. ಲೆಕ್ಕದ ಬಗ್ಗೆ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಸೇನೆಯವರು 100 ಅಂದರು, ಡಾಸ್ 50ಕ್ಕಿಂತ ಜಾಸ್ತಿ ಇರಲಾರದು ಅಂದರು. ನಡುವೆ ಹಿಡಿದು 75 ಎಂದು ಬರೆದರು. ಪದಕ ಪಡೆಯುವವನೇ ಕಡಿಮೆ ಮಾಡಿ ಎಂದು ಚೌಕಾಶಿ ಮಾಡುವುದು ಅಪರೂಪ!

ಅದೇ ತಿಂಗಳು ಅವರಿಗೂ ಪೆಟ್ಟಾಯಿತು. ಸ್ಟ್ರೆಚರ್ ಮೇಲೆ ಒಯ್ಯುವಾಗ, ತಮಗಿಂತ ಕೆಟ್ಟ ಸ್ಥಿತಿಯಲ್ಲಿದ್ದವನನ್ನು ಕಂಡು ಕೆಳಗಿಳಿದು, ಅವನನ್ನು ಒಯ್ಯಿರಿ ಎಂದರು. ಅಷ್ಟರಲ್ಲಿ ಗುಂಡು ಬಿದ್ದು ತೋಳಿನ ಮೂಳೆ ಮುರಿಯಿತು. ಅಲುಗಾಡದಿರಲೆಂದು ಬಂದೂಕಿನ ಮರದ ಹಿಡಿಯೊಂದನ್ನು ತೋಳಿಗೆ ಕಟ್ಟಿಕೊಂಡು ತೆವಳಿದರು. ಬಂದೂಕಿನಿಂದ ಅವರು ತೆಗೆದುಕೊಂಡ ಉಪಯೋಗ ಅದೊಂದೇ.

ಪ್ರಶ್ನೆ: ಪತ್ರಕರ್ತ ಎರ್ನಿ ಪೈಲ್ ಸತ್ತದ್ದು ಇದೇ ಡಿವಿಷನ್ ಜೊತೆ ಇದ್ದಾಗಲೇ?

ಉತ್ತರ: ಹೌದು. ಒಕಿನಾವಾ ಪಕ್ಕದ ಇಯೆ ಶಿಮಾ ದ್ವೀಪ, 1945ರ ಏಪ್ರಿಲ್ 18. ಜೀಪಿನಲ್ಲಿ ಹೋಗುತ್ತಿದ್ದಾಗ ಮೆಷಿನ್ ಗನ್ ಗುಂಡು ಬಂತು, ಎಲ್ಲರೂ ಚರಂಡಿಗೆ ಹಾರಿದರು. ಪೈಲ್ ತಲೆ ಎತ್ತಿ ನೋಡಿದರು, ಅಷ್ಟೇ. ಜನರಲ್‌ಗಳನ್ನು ಬಿಟ್ಟು ಸಾಮಾನ್ಯ ಸಿಪಾಯಿಯ ಬಗ್ಗೆ ಬರೆದವರು ಅವರು. 77ನೆಯವರು ಅಲ್ಲೊಂದು ಫಲಕ ನೆಟ್ಟು, ಈ ಜಾಗದಲ್ಲಿ ನಮ್ಮ ಡಿವಿಷನ್ ಒಬ್ಬ ಗೆಳೆಯನನ್ನು ಕಳೆದುಕೊಂಡಿತು ಎಂದು ಬರೆದರು. ಅಲ್ಲಿ ಸ್ಮಾರಕ ಈಗಲೂ ಇದೆ.

ಪ್ರಶ್ನೆ: ಇಷ್ಟು ಹೆಸರು ಮಾಡಿದ ಡಿವಿಷನ್ ಈಗ ಯಾಕಿಲ್ಲ?

ಉತ್ತರ: ಶತ್ರುಗಳು ಮಾಡದ ಕೆಲಸವನ್ನು ಲೆಕ್ಕಪತ್ರ ಮಾಡಿತು. ಜಪಾನಿನಲ್ಲಿ ಕಾವಲು ಮುಗಿಸಿ 1946ರ ಮಾರ್ಚ್‌ನಲ್ಲಿ ಡಿವಿಷನ್ ಚದುರಿತು, ಮತ್ತೆ ನ್ಯೂಯಾರ್ಕಿನ ಮೀಸಲು ಪಡೆಯಾಗಿ ಎದ್ದಿತು. ಈ ಸಲ ಸ್ವಲ್ಪ ಜೀವ ಇತ್ತು, ಕವಾಯತಿಗೆ ಸಂಬಳವೂ ಇತ್ತು. ಆದರೆ 1960ರ ದಶಕದಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಒಂದು ಪ್ರಶ್ನೆ ಎತ್ತಿದರು. ನ್ಯಾಷನಲ್ ಗಾರ್ಡಿಗೂ ಡಿವಿಷನ್‌ಗಳು, ರಿಸರ್ವಿಗೂ ಡಿವಿಷನ್‌ಗಳು, ಎರಡರಲ್ಲೂ ಜನ ಸಾಲದು, ಸಾಮಾನು ಸಾಲದು, ಯಾಕೆ ಎರಡೆರಡು? ರಿಸರ್ವನ್ನು ಪೂರ್ತಿ ಗಾರ್ಡಿಗೆ ಸೇರಿಸಿಬಿಡುವ ಯೋಚನೆ ಅವರದು. ಸಂಸತ್ತು ಒಪ್ಪಲಿಲ್ಲ. ಆದರೂ ರಿಸರ್ವಿನಲ್ಲಿ ಉಳಿದಿದ್ದ ಕೊನೆಯ ಆರು ಯುದ್ಧ ಡಿವಿಷನ್‌ಗಳು 1965ರ ಕೊನೆಗೆ ಮುಚ್ಚಿದವು, 77 ಅದರಲ್ಲೊಂದು. ಗಾರ್ಡಿನ ಬೆನ್ನಿಗೆ ರಾಜ್ಯಗಳ ಗವರ್ನರ್‌ಗಳಿದ್ದರು, ರಿಸರ್ವಿನ ಬೆನ್ನಿಗೆ ಅಂಥವರಿರಲಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಕಾರಣ ಅದೇ.

ಆಮೇಲಿಂದ ಅಮೆರಿಕದ ಆರ್ಮಿ ರಿಸರ್ವ್ ಎಂದರೆ ಬಹುಮಟ್ಟಿಗೆ ಸಾಗಾಟ, ವೈದ್ಯಕೀಯ, ಎಂಜಿನಿಯರಿಂಗ್, ತರಬೇತಿ. 77ರ ಸಂಖ್ಯೆ ಮಾತ್ರ ಸಾಯಲಿಲ್ಲ. 1967ರಲ್ಲಿ ಅದೇ ಸಂಖ್ಯೆಯ ರಿಸರ್ವ್ ಕಮಾಂಡ್ ಬಂತು. ಈಗ ನ್ಯೂಜೆರ್ಸಿಯಲ್ಲಿ 77ನೇ ಸಸ್ಟೇನ್‌ಮೆಂಟ್ ಬ್ರಿಗೇಡ್ ಇದೆ, ಇಂಧನ, ಆಹಾರ, ಮದ್ದುಗುಂಡು ತಲುಪಿಸುವುದು ಅದರ ಕೆಲಸ, ತೋಳಿನ ಮೇಲೆ ಅದೇ ಲಿಬರ್ಟಿ ಪ್ರತಿಮೆ. ನ್ಯೂಯಾರ್ಕಿನ ಫೋರ್ಟ್ ಟಾಟನ್ನಿನಲ್ಲಿರುವ ರಿಸರ್ವ್ ಕೇಂದ್ರಕ್ಕೆ ಎರ್ನಿ ಪೈಲ್ ಹೆಸರಿಟ್ಟಿದ್ದಾರೆ.